ಪಾಸ್ಟಿ ತಾತನಿಗೆ ನಾನು ಹೇಳಿದ ಇಸವಿ

ಹೋದ ಶನಿವಾರ ಷಿಕಾಗೋ ಹತ್ತಿರದ ನಮ್ಮ ನೇಪರ್‌ವಿಲ್ಲಿನ ಅಂಗಡಿಯಲ್ಲಿ ಒಂದು ರುಟಬೇಗಾ ಕೊಂಡೆ. ನವಿಲುಕೋಸಿನ ಒರಟು ದಾಯಾದಿಯಂಥ ಗೆಡ್ಡೆ ಅದು. ಮೇಲೆ ಮೇಣ ಬಳಿದಿರುತ್ತಾರೆ, ಒಳಗೆ ಹಳದಿ. ಸಿಪ್ಪೆ ತೆಗೆದು ಹೆಚ್ಚಿ, ಈರುಳ್ಳಿ, ಆಲೂಗೆಡ್ಡೆ, ಕರಿಮೆಣಸಿನ ಪುಡಿಯ ಜೊತೆ ಓವನ್ನಿಗಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಆ ವಾಸನೆ... ಒಂದಿಷ್ಟು ಸಿಹಿ, ಒಂದಿಷ್ಟು ಸಾಸಿವೆಯ ಘಾಟು, ಅದರಡಿಯಲ್ಲಿ ಮಣ್ಣಿನದೂ ಒಂದು ವಾಸನೆ. ರಜೆಗೆ ಬಂದಿದ್ದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ಆರು ವರ್ಷದವಳಿದ್ದಾಗ ಇದನ್ನೇ ಚಪ್ಪರಿಸಿ ತಿನ್ನುತ್ತಿದ್ದವಳು. ಅವಳಿಗೆ ನೆನಪಿಲ್ಲ. ನನಗೆ ಅಡುಗೆಮನೆಯಲ್ಲಿ ನಿಲ್ಲಲಾಗಲಿಲ್ಲ. ಹಿಂದಿನ ಬಾಗಿಲು ತೆಗೆದು ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ.

ಆ ವಾಸನೆ ಒಬ್ಬ ತಾತನದು. ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಆಗಿನ ನಮ್ಮ ಅಪಾರ್ಟ್‌ಮೆಂಟಿನಿಂದ ಅರ್ಧ ಮೈಲಿ ದೂರದಲ್ಲಿ ಅವರದೊಂದು ಸಣ್ಣ ಅಂಗಡಿಯಿತ್ತು.

ಅದು 2009ರ ಚಳಿಗಾಲ. ಡೆಟ್ರಾಯಿಟ್ ಸುತ್ತಮುತ್ತ ಆಗ ಯಾರ ಮನೆಗೆ ಹೋದರೂ ಒಂದೇ ಮಾತು: ಯಾರ ಕೆಲಸ ಹೋಯಿತು, ಯಾರದ್ದು ಹೋಗುವುದರಲ್ಲಿದೆ. ನಮ್ಮ ಯಜಮಾನರು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಜನವರಿಯಲ್ಲಿ ಅವರನ್ನೂ ಕರೆದು ಹೇಳಿದರು. ಮಾರ್ಚ್ ಕೊನೆಯವರೆಗೆ ಹೆಸರು ಸಂಬಳದ ಪಟ್ಟಿಯಲ್ಲಿರುತ್ತದೆ, ಆಮೇಲಿಲ್ಲ. ಕೆಲಸ ಹೋದರೆ ವೀಸಾವೂ ಹೋದ ಹಾಗೆ. ಅಷ್ಟರೊಳಗೆ ಇನ್ನೊಂದು ಕೆಲಸ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಅವರು ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಅಪ್ಲೈ ಮಾಡುತ್ತಿದ್ದರು. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಮಗಳನ್ನು ಸ್ಕೂಲಿಗೆ ಬಿಟ್ಟು ಬಂದರೆ ಇಡೀ ದಿನ ನನ್ನ ಮುಂದೆ ಬಿದ್ದಿರುತ್ತಿತ್ತು. ಸೂಟ್‌ಕೇಸ್ ಕೆಳಗಿಳಿಸುತ್ತಿದ್ದೆ, ಮತ್ತೆ ಮೇಲಕ್ಕಿಡುತ್ತಿದ್ದೆ. ಎರಡು ತಿಂಗಳಿಗೆ ಬೇಕಾಗುವಷ್ಟು ಬೇಳೆ ಕೊಳ್ಳಲೋ ಎರಡು ವಾರಕ್ಕಾಗುವಷ್ಟು ಕೊಳ್ಳಲೋ ಅನ್ನುವುದೇ ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಮನೆಯಲ್ಲಿ ಕೂರಲಾಗದೆ, ಹದಿನೈದು ಡಿಗ್ರಿ ಫ್ಯಾರನ್‌ಹೀಟಿನ, ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಜಾಕೆಟ್ ಸಿಕ್ಕಿಸಿಕೊಂಡು ನಡೆಯಲು ಹೊರಡುತ್ತಿದ್ದೆ.

ಹಾಗೆ ನಡೆಯುತ್ತಿದ್ದಾಗಲೇ ಆ ಅಂಗಡಿಯ ಗಾಜಿನ ಹಿಂದೆ ಅರ್ಧಚಂದ್ರಾಕಾರದ, ಅಂಗೈಗಿಂತ ದೊಡ್ಡ ಕರ್ಜಿಕಾಯಿಗಳನ್ನು ಕಂಡೆ. ಅಂಚು ಮಡಿಚಿದ್ದ ರೀತಿಯೂ ನಮ್ಮ ಕರ್ಜಿಕಾಯಿಯದೇ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅಲ್ಲಿನ ಗಣಿಯ ಸಾಲುಮನೆಗಳಲ್ಲಿ, ಪಕ್ಕದ ಲೈನಿನ ಆಂಗ್ಲೋ ಇಂಡಿಯನ್ ಆಂಟಿಯೊಬ್ಬರು ಕ್ರಿಸ್‌ಮಸ್ಸಿಗೆ ಇಂಥದ್ದನ್ನೇ ಮಾಡುತ್ತಿದ್ದರು. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ, ಒಳಗೆ ಮಾಂಸವಿರುತ್ತದೆಂದು. ಮೂವತ್ತು ವರ್ಷ ತಡೆದಿಟ್ಟ ಆಸೆ ನನ್ನನ್ನು ಒಳಗೆ ತಳ್ಳಿತು.

ಅಂಗಡಿಯಲ್ಲಿ ಎಂಬತ್ತರ ಸಮೀಪದ ತಾತ ಒಬ್ಬರೇ. ಬಿಳಿ ಏಪ್ರನ್, ತಲೆಗೆ ಉಣ್ಣೆ ಟೋಪಿ, ಮೊಣಕೈವರೆಗೆ ಮೈದಾಹಿಟ್ಟು. ಅವರಾಡಿದ್ದೆಲ್ಲ ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರು ಯಾವಾಗಲೋ ಕನ್ನಡಕ್ಕೆ ತಿರುಗಿಬಿಟ್ಟಿದ್ದಾರೆ, ಹಾಗೇ ಬರೆಯುತ್ತೇನೆ. ಇದಕ್ಕೆ ಪಾಸ್ಟಿ ಅನ್ನುತ್ತಾರೆ, ಗಣಿಗೆ ಇಳಿಯುವವರ ಬುತ್ತಿ ಎಂದರು. ಮಾಂಸ ಹಾಕದೆ ಮಾಡುತ್ತೀರಾ ಎಂದೆ. ಮಾಡುತ್ತೇನೆ, ಬರೀ ರುಟಬೇಗಾ, ಆಲೂಗೆಡ್ಡೆ, ಈರುಳ್ಳಿ ಹಾಕಿ ಎಂದರು. ಹೊರಗಿನ ಹೊದಿಕೆಗೆ ಯಾವ ಕೊಬ್ಬು ಎಂದೆ. ಹಂದಿಯದು ಎಂದರು. ನನ್ನ ಮುಖ ನೋಡಿ ನಗಲಿಲ್ಲ, ಬೇಸರಪಟ್ಟುಕೊಳ್ಳಲೂ ಇಲ್ಲ. ಗುರುವಾರ ಬಾ, ಬೆಣ್ಣೆ ಹಾಕಿ ಬೇರೆ ತಟ್ಟೆಯಲ್ಲಿ ಬೇಯಿಸಿರುತ್ತೇನೆ ಎಂದರು. ಗುರುವಾರ ಹೋದರೆ ಎರಡು ಪಾಸ್ಟಿ ಕಾದಿದ್ದವು. ಒಂದೊಂದರ ಮೂಲೆಯಲ್ಲೂ ಹಿಟ್ಟಿನಿಂದಲೇ ನನ್ನ ಹೆಸರಿನ ಮೊದಲಕ್ಷರ ಮಾಡಿ ಅಂಟಿಸಿದ್ದರು. ಗಣಿಯಲ್ಲಿ ಒಬ್ಬನ ಬುತ್ತಿ ಇನ್ನೊಬ್ಬನಿಗೆ ಹೋಗದ ಹಾಗೆ ಹೆಂಡತಿಯರು ಹೀಗೆ ಮಾಡುತ್ತಿದ್ದರಂತೆ. ಅಂದಿನಿಂದ ನನ್ನ ಮಗಳ ಬಾಯಲ್ಲಿ ಅವರು ಪಾಸ್ಟಿ ತಾತ.

ಮೂರನೆಯದೋ ನಾಲ್ಕನೆಯದೋ ಗುರುವಾರ ಅವರು ನನ್ನ ಊರು ಕೇಳಿದರು. ಎಲ್ಲರಿಗೂ ಹೇಳುವ ಹಾಗೆ ಬೆಂಗಳೂರು ಎಂದುಬಿಟ್ಟೆ. ಅದಕ್ಕವರು, "ಅಲ್ಲಿಂದ ಕೋಲಾರ ದೂರವೇ?" ಎಂದು ಕೇಳಿದರು.

ಅಮೆರಿಕದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಮ್ಮ ಕನ್ನಡ ಕೂಟದವರೇ ಕೋಲಾರವೆಂದರೆ ನೀರಿಲ್ಲದ ಊರು ಎಂದು ಮಾತು ಮುಗಿಸುತ್ತಿದ್ದರು. ನಾನು ಹುಟ್ಟಿದ್ದೇ ಅಲ್ಲಿ, ನಮ್ಮಪ್ಪ ಗಣಿಯ ವೈಂಡರ್ ಓಡಿಸುತ್ತಿದ್ದರು, ಜನರನ್ನು ಪಂಜರದಲ್ಲಿ ಕೆಳಗಿಳಿಸಿ ಮೇಲೆತ್ತುವ ಯಂತ್ರ ಅದು ಎಂದೆ. ತಾತ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟರು. ಒಳಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಒಂದು ಹಳೆಯ ಕಾಗದ ತಂದರು.

ಅವರ ಕಥೆ ಇಷ್ಟು. ಇಂಗ್ಲೆಂಡಿನ ನೈರುತ್ಯದ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ. ತಲೆಮಾರುಗಳಿಂದ ತವರ, ತಾಮ್ರ ಅಗೆದ ಜನ. ಬೇರೆ ದೇಶಗಳಿಂದ ಅಗ್ಗದ ಲೋಹ ಬರತೊಡಗಿದ ಮೇಲೆ ಅಲ್ಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಬಂಡೆ ಒಡೆಯುವುದನ್ನು ಬಿಟ್ಟು ಬೇರೆ ವಿದ್ಯೆ ಗೊತ್ತಿಲ್ಲ. ಅದೇ ಹೊತ್ತಿಗೆ ಜಗತ್ತಿನ ಉಳಿದ ಕಡೆಯೆಲ್ಲ ಬಿಳಿಯರ ಕಂಪನಿಗಳು ನೆಲ ತೋಡುತ್ತಿದ್ದವು, ಹೊಗೆ ಹಡಗುಗಳು ಓಡಾಡುತ್ತಿದ್ದವು, ಏಜೆಂಟರು ಹಳ್ಳಿಗಳಿಗೇ ಬಂದು ಹೆಸರು ಬರೆದುಕೊಳ್ಳುತ್ತಿದ್ದರು. ಹಾಗೆ ಒಂದು ಮನೆಯ ಇಬ್ಬರು ಹುಡುಗರು ಒಂದೇ ವಾರ ಹೊರಟರು. ಚಿಕ್ಕವನು ಮಿಶಿಗನ್ನಿನ ಉತ್ತರ ತುದಿಯ ತಾಮ್ರದ ಗಣಿಗೆ ಬಂದ. ಅವನೇ ಈ ತಾತನ ತಾತ. ದೊಡ್ಡವನು ಕೋಲಾರಕ್ಕೆ ಹೋದ. ಯಾರಿಗೆ ಮೊದಲು ನೆಲೆ ಸಿಗುತ್ತದೋ ಅವನು ಅಮ್ಮನನ್ನು ಕರೆಸಿಕೊಳ್ಳಬೇಕೆಂಬ ಮಾತಾಗಿತ್ತು. ದೊಡ್ಡವನಿಂದ ಬಂದದ್ದು ಆ ಒಂದೇ ಕಾಗದ. ಬಿಸಿಲು ಜಾಸ್ತಿ, ಕೆಲಸ ಪರವಾಗಿಲ್ಲ, ಮುಂದಿನ ವರ್ಷ ಬಂದು ನಿನ್ನನ್ನು ಕರೆದೊಯ್ಯುತ್ತೇನೆ ಎಂದು ಅಮ್ಮನಿಗೆ ಬರೆದಿದ್ದ. ಮೇಲೆ ಊರ್ಗಾಂ ಅಂಚೆಯ ಮುದ್ರೆ. ಅಮ್ಮ ಕಾದು ಕಾದು, ಬಡವರನ್ನಿಡುವ ಆಶ್ರಮವೊಂದರಲ್ಲಿ ಸತ್ತಳು. ಅವಳ ಸಾಮಾನಿನ ಜೊತೆ ಆ ಕಾಗದ ಚಿಕ್ಕವನ ಕೈ ಸೇರಿತು.

ಆಮೇಲೆ ಆ ಮನೆಯಲ್ಲಿ ದೊಡ್ಡವನ ಹೆಸರೆತ್ತುವ ಹಾಗಿರಲಿಲ್ಲ. ಅಮ್ಮನನ್ನು ಮರೆತವನು ಎಂದೇ ಅವನ ಗುರುತು. ಈ ತಾತ ಚಿಕ್ಕವರಿದ್ದಾಗ ಒಮ್ಮೆ ಊಟದ ಹೊತ್ತಿನಲ್ಲಿ ಆ ಹೆಸರು ಹೇಳಿ ಏಟು ತಿಂದಿದ್ದರಂತೆ. ತಾಮ್ರದ ಗಣಿಯೂ ಸೊರಗಿ, ಇವರ ಅಪ್ಪ ಕಾರು ಕಾರ್ಖಾನೆಗೆಂದು ಡೆಟ್ರಾಯಿಟಿಗೆ ಬಂದಾಗ ಆ ಸಿಟ್ಟೂ ಸಾಮಾನಿನ ಜೊತೆ ಬಂತು.

ತಾತನಿಗೆ ಬೇಕಾಗಿದ್ದು ಒಂದೇ ವಿಷಯ. ಆ ಮನುಷ್ಯ ಬೇಗ ಸತ್ತನೋ, ಬಹಳ ಕಾಲ ಬದುಕಿದನೋ? ಬೇಗ ಸತ್ತಿದ್ದರೆ ಅವನ ತಪ್ಪಿಲ್ಲ. ಬದುಕಿದ್ದೂ ಬರೆಯದಿದ್ದರೆ... ಆ ಊರಿನ ಸ್ಮಶಾನದಲ್ಲಿ ಈ ಹೆಸರಿನ ಕಲ್ಲೇನಾದರೂ ನೋಡಿದ್ದೀಯಾ ಎಂದು ಕೇಳಿದರು.

ನಾನು ಆ ಸ್ಮಶಾನದೊಳಗೆ ಕಾಲಿಟ್ಟವಳೇ ಅಲ್ಲ. ಸ್ಕೂಲಿಗೆ ಹೋಗುವಾಗ ಅದರ ಗೋಡೆಯ ಪಕ್ಕ ಓಡಿ ದಾಟುತ್ತಿದ್ದೆವು. ಒಳಗೆಲ್ಲ ಲಂಟಾನ ಬೆಳೆದು, ಶಿಲುಬೆಗಳ ತುದಿ ಮಾತ್ರ ಕಾಣುತ್ತಿತ್ತು.

ಆದರೆ ನಾನು, "ನೋಡಿದ್ದೇನೆ" ಎಂದುಬಿಟ್ಟೆ.

ಯಾಕೆ ಹಾಗೆ ಹೇಳಿದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಮುದುಕರ ಮೇಲಿನ ಕನಿಕರ ಎಂದರೆ ಅರ್ಧ ಸತ್ಯ. ಆ ಬೆಳಿಗ್ಗೆ ನಮ್ಮ ಯಜಮಾನರು ಮೈಸೂರಿನಲ್ಲಿದ್ದ ನಮ್ಮತ್ತೆಯ ಜೊತೆ ಫೋನಿನಲ್ಲಿ, "ಆಫೀಸಲ್ಲಿ ತುಂಬಾ ಕೆಲ್ಸ ಅಮ್ಮ, ಓವರ್‌ಟೈಮು" ಎನ್ನುವುದನ್ನು ಕೇಳಿಸಿಕೊಂಡು ಬಂದಿದ್ದೆ. ನಾನೂ ನಮ್ಮಪ್ಪನಿಗೆ ಏನೂ ಹೇಳಿರಲಿಲ್ಲ. ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ವಿಷಯವೂ ಇತ್ಯರ್ಥವಾಗಿರಲಿಲ್ಲ. ಯಾರದ್ದಾದರೂ ಒಂದು ಪ್ರಶ್ನೆ ಇವತ್ತೇ ಬಗೆಹರಿಯಲಿ ಎಂಬ ತಡೆಯಲಾಗದ ಆತುರ ನನಗೆ. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ, ಕೂತಲ್ಲಿ ಕೂರಲಾರದ ಜಾಯಮಾನ.

ತಾತ ಇಸವಿ ಕೇಳಿದರು. ಕಾಗದದ ಮೇಲಿನ ತಾರೀಕು ನನ್ನ ಕಣ್ಣ ಮುಂದೆಯೇ ಇತ್ತು. ಅದರ ಮರುವರ್ಷ ಎಂದೆ. ಹೇಗೆ ಸತ್ತ ಎಂದರು. ಅದಕ್ಕೆ ನಾನು ತಡವರಿಸಲೇ ಇಲ್ಲ. ರಾಕ್‌ಬರ್ಸ್ಟ್ ಎಂದೆ. ಭೂಮಿಯ ಒಳಗೆ ಒತ್ತಡಕ್ಕೆ ಬಂಡೆ ಸಿಡಿಯುವುದು. ನಮ್ಮೂರಿನಲ್ಲಿ ಅಡುಗೆಮನೆಯ ಪಾತ್ರೆಗಳು ಇದ್ದಕ್ಕಿದ್ದಂತೆ ಅಲುಗಿದರೆ ಹೆಂಗಸರು ಒಲೆ ಆರಿಸದೆಯೇ ಗಣಿಯ ಗೇಟಿಗೆ ಓಡುತ್ತಿದ್ದರು. ನಾವು ಮಕ್ಕಳಿಗೆ ಗೊತ್ತಿದ್ದ ಸಾವೆಂದರೆ ಅದೊಂದೇ. ಹಾಗಾಗಿ ಆ ಸುಳ್ಳಿಗೆ ನಾನು ಯೋಚಿಸಬೇಕಾಗಲಿಲ್ಲ, ಅದು ನಾಲಿಗೆಯ ಮೇಲೇ ಇತ್ತು.

ತಾತ ಟೋಪಿ ತೆಗೆದರು. ಹಿಟ್ಟಿನ ಚೀಲದ ಮೇಲೆ ಕೂತರು. "ಹಾಗಾದರೆ ಅವನು ಮರೆಯಲಿಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದು ಕಂಡು ನಾನು ಬೇಗ ಬೇಗ ಪರ್ಸ್ ತೆಗೆದೆ. ಅವತ್ತು ಅವರು ಪಾಸ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದವಳೇ ನಮ್ಮಪ್ಪನಿಗೆ ಫೋನ್ ಮಾಡಿದೆ. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಅಪ್ಪ ಆ ಊರು ಬಿಟ್ಟಿರಲಿಲ್ಲ. ಹೆಸರು, ಹುಟ್ಟಿದ ಹಳ್ಳಿಯ ಹೆಸರು ಬರೆಸಿ, ಸ್ಮಶಾನದಲ್ಲಿ ಹುಡುಕಲು ಹೇಳಿದೆ. ಇಸವಿಯನ್ನೂ ಹೇಳಿದೆ, ಸುಳ್ಳು ಹೇಗೋ ನಿಜವಾಗಿಬಿಡಲಿ ಎಂಬ ಹಂಬಲದಲ್ಲಿ. ಅಪ್ಪ ಯಾಕೆ ಏನು ಎಂದು ಕೇಳಲಿಲ್ಲ. ಹಳೆಯ ಸ್ನೇಹಿತರೊಬ್ಬರನ್ನು ಕರೆದುಕೊಂಡು, ಮಚ್ಚು ಹಿಡಿದು, ಭಾನುವಾರ ಭಾನುವಾರ ಹೋಗಿ ಲಂಟಾನ ಕಡಿದರು. ಮೂರನೇ ಭಾನುವಾರ ಫೋನ್ ಬಂತು.

"ಸಿಕ್ತು ಕಣಮ್ಮ. ಪೂರ್ವದ ಗೋಡೆ ಕಡೆಯಿಂದ ಮೂರ್ನೇ ಸಾಲು."

"ಇಸವಿ ಏನಿದೆ ಅಪ್ಪ?"

"ನೀನ್ ಹೇಳಿದ್ದಕ್ಕೆ ಮೂವತ್ತೊಂದು ವರ್ಷ ಕೂಡ್ಸ್ಕೊ."

ಅದೇ ಹೆಸರಿನ ಬೇರೆ ಯಾರೋ ಇರಬೇಕು ಎಂದೆ. "ಇಲ್ಲಮ್ಮ, ಹುಟ್ಟಿದ ಊರೂ ಕೆತ್ತಿದಾರೆ. ನೀನ್ ಬರೆಸಿದ್ದೇ ಊರು" ಎಂದರು. ಆಮೇಲೆ, "ಕೆಳಗೆ ಹೆಂಡ್ತಿ ಹೆಸರೂ ಐತೆ. ದೊರೆಸಾನಿ ಹೆಸರಲ್ಲ, ನಮ್ ಕಡೆ ಹೆಸರು" ಎಂದರು.

ನನಗೆ ಎಲ್ಲ ಅರ್ಥವಾಯಿತು. ಆ ಕಾಲದಲ್ಲಿ, ಆ ಊರಿನಲ್ಲಿ, ಬಿಳಿಯ ಮೇಸ್ತ್ರಿಯೊಬ್ಬ ನಮ್ಮ ಕಡೆಯ ಹೆಣ್ಣನ್ನು ಮದುವೆಯಾಗಿ ಅದನ್ನು ಕಲ್ಲಿನ ಮೇಲೂ ಬರೆಸಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಅವನ ಕಡೆಯವರು ಅವನನ್ನು ದೂರವಿಟ್ಟಿರುತ್ತಾರೆ. ಅವನ ಅಮ್ಮ ದೇವರಿಗೆ ಹೆದರುವ ಹಳ್ಳಿಯ ಹೆಂಗಸು. ಅವಳಿಗೆ ಏನೆಂದು ಬರೆಯಬೇಕಿತ್ತು? ಈ ತಿಂಗಳು ಬೇಡ, ಮುಂದಿನ ತಿಂಗಳು ಬರೆಯೋಣ ಎಂದುಕೊಂಡಿರುತ್ತಾನೆ. ಆಮೇಲೆ ಬರೆಯಲು ನಾಚಿಕೆಯಾಗಿರುತ್ತದೆ. ನಾನೂ ಅದನ್ನೇ ಮಾಡುತ್ತಿದ್ದೆನಲ್ಲ... ಅಪ್ಪ ಫೋನಿಡುವ ಮೊದಲು, "ಪೇಪರಲ್ಲಿ ಅಮೆರಿಕದ್ದು ಏನೇನೋ ಬರ್ತೈತೆ. ನೀವು ಚೆನ್ನಾಗಿದೀರ ತಾನೆ?" ಎಂದು ಕೇಳಿದರು. ಚೆನ್ನಾಗಿದ್ದೀವಿ ಅಪ್ಪ ಎಂದೆ. ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಮನುಷ್ಯನಿಗೇ ನನ್ನ ಗಂಡನ ಕೆಲಸ ಹೋದದ್ದನ್ನು ಹೇಳಲಾಗಲಿಲ್ಲ.

ಆ ವಾರವೇ ನಮ್ಮ ಯಜಮಾನರಿಗೆ ಷಿಕಾಗೋ ಹತ್ತಿರದ ಶಾಂಬರ್ಗ್‌ನಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಮಾರ್ಚ್ ಮುಗಿಯುವುದರೊಳಗೆ ಹೊರಡಬೇಕು. ಮನೆ ತುಂಬ ಡಬ್ಬಗಳು. ನಾನು ತಾತನ ವಿಷಯವೆಲ್ಲ ಅವರ ಮುಂದೆ ಹೇಳಿದೆ.

"ಹೋಗಿ ನಿಜ ಹೇಳ್ಬಿಡು ಮಾರಾಯ್ತಿ. ಹೇಗೂ ಇನ್ನೆರಡು ದಿನ ಇರೋದು ನಾವು" ಎಂದರು.

"ನೀವು ಅತ್ತೆಗೆ ನಿಜ ಹೇಳಿದ್ರಾ?"

"ಈಗ ಕೆಲ್ಸ ಸಿಕ್ತಲ್ಲ. ಇನ್ನು ಹೇಳೋದೇನಿದೆ?"

ಡಬ್ಬಕ್ಕೆ ಟೇಪ್ ಅಂಟಿಸುವುದನ್ನು ಅರ್ಧಕ್ಕೆ ಬಿಟ್ಟು ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸಿಕೊಂಡೆ. ನಾನು ತಪ್ಪು ಹೇಳಿದ್ದೆ, ಕ್ಷಮಿಸಿ, ಅವನು ಬಹಳ ಕಾಲ ಬದುಕಿದ್ದ... ಅಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡೆ.

ತಾತ ಅವತ್ತು ಟೋಪಿ ಹಾಕಿರಲಿಲ್ಲ. ತಲೆ ಬಾಚಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಭಾನುವಾರ ಚರ್ಚಿನಲ್ಲಿ ಅವನ ಹೆಸರು ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಮಾಡಿಸಿದರಂತೆ. ಮನೆಯ ಬೈಬಲ್ಲಿನಲ್ಲಿ ಹುಟ್ಟುಸಾವು ಬರೆಯುವ ಪುಟದಲ್ಲಿ ಅವನ ಹೆಸರಿನ ಮುಂದೆ ಖಾಲಿಯಿದ್ದ ಜಾಗಕ್ಕೆ ಇಸವಿ ತುಂಬಿದರಂತೆ. ಉತ್ತರದ ಗಣಿ ಊರಿನಲ್ಲಿ ಅವರ ತಾತನ ಸಮಾಧಿಯಿದೆ. ಹಿಮ ಕರಗಿದ ಮೇಲೆ ಅದೇ ಕಲ್ಲಿನಲ್ಲಿ ಅಣ್ಣನ ಹೆಸರನ್ನೂ ಕೆತ್ತಲು ಹೇಳಿಯಾಗಿದೆ. ಎಪ್ಪತ್ತು ವರ್ಷದಿಂದ ಅವರ ಮನೆಯಲ್ಲಿ ಯಾರೂ ಆ ಹೆಸರು ಹೇಳಿರಲಿಲ್ಲ, "ನೀನು ಬಂದು ಹೇಳುವ ಹಾಗೆ ಮಾಡಿದೆ" ಎಂದರು. ಅವರ ಮಗಳೂ ಅಲ್ಲಿದ್ದಳು. ಅವಳ ಗಂಡನಿಗೆ ಕೆಲಸ ಹೋಗಿ ಅವರೂ ಟೆಕ್ಸಾಸಿಗೆ ಹೊರಟಿದ್ದರು. ಅವಳೂ ಬಂದು ನನ್ನನ್ನು ತಬ್ಬಿಕೊಂಡಳು.

ಷಿಕಾಗೋಗೆ ಹೋಗುತ್ತಿದ್ದೇವೆ ಎಂದಷ್ಟೇ ಹೇಳಿದೆ. ಅವರು ಆರು ಪಾಸ್ಟಿ ಕಟ್ಟಿಕೊಟ್ಟರು. ದಾರಿಯಲ್ಲಿ ತಿನ್ನಲು ನನ್ನಿಂದಾಗಲಿಲ್ಲ. ಗಂಡ, ಮಗಳು ತಿಂದರು.

ಆ ಉತ್ತರದ ಊರಿನಲ್ಲಿ ಹಿಮ ಕರಗುವುದು ಮೇ ತಿಂಗಳಿಗೆ. ಅಲ್ಲಿಯವರೆಗೂ ನನಗೆ ಅವಕಾಶವಿತ್ತು. ಒಂದು ಫೋನ್ ಸಾಕಿತ್ತು, ಕೆತ್ತುವುದು ನಿಲ್ಲುತ್ತಿತ್ತು. ಏಪ್ರಿಲ್ ಪೂರ್ತಿ ನಂಬರ್ ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಹೊಸ ಮನೆ, ಹೊಸ ಸ್ಕೂಲು, ಇವತ್ತು ಬೇಡ ನಾಳೆ... ಮೇ ಕಳೆಯಿತು. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಕಾರ್ಡ್ ಕಳಿಸಿದೆ. ಹುಷಾರಾಗಿದ್ದೀರಾ, ನಾವು ಚೆನ್ನಾಗಿದ್ದೇವೆ. ಮರುವರ್ಷ ಅಂಗಡಿ ಮುಚ್ಚಿತು. ತಾತ ಮಗಳ ಜೊತೆಗೆ ಟೆಕ್ಸಾಸಿಗೆ ಹೋದರು. ಎಂಬತ್ತರ ಆಚೆ ಅವರಿಗೂ ಹೊಸ ಊರು ಬಂತು. ನಾಲ್ಕು ವರ್ಷದ ನಂತರ ನನ್ನ ಕಾರ್ಡಿಗೆ ಮಗಳು ಉತ್ತರ ಬರೆದಳು, ಅಪ್ಪ ಹೋದರು ಎಂದು.

ಒಂದು ಬೇಸಿಗೆಯಲ್ಲಿ ನಾವು ಡ್ರೈವ್ ಮಾಡಿಕೊಂಡು ಆ ಉತ್ತರದ ಊರಿಗೆ ಹೋದೆವು. ನಮ್ಮೂರಿನ ಹಾಗೆಯೇ ಇದೆ. ನಿಂತುಹೋದ ಗಣಿಯ ಗೋಪುರ, ಖಾಲಿ ಕಟ್ಟಡಗಳು, ಅಗತ್ಯಕ್ಕಿಂತ ಹೆಚ್ಚು ಚರ್ಚುಗಳು. ಸಮಾಧಿ ಹುಡುಕಲು ಕಷ್ಟವಾಗಲಿಲ್ಲ. ತಮ್ಮನ ಹೆಸರು ಮಾಸಿತ್ತು. ಅದರ ಕೆಳಗೆ ಅಣ್ಣನದು ಹೊಸದಾಗಿ, ಆಳವಾಗಿ ಕೆತ್ತಿದ್ದರು. ಕೋಲಾರ ಎಂಬ ಹೆಸರು. ನಾನು ಹೇಳಿದ ಇಸವಿ. ಊರಿಗೆ ಹೋದಾಗ ಅಪ್ಪ ತೋರಿಸಿದ್ದ ಇನ್ನೊಂದು ಕಲ್ಲನ್ನೂ ಆ ಹೊತ್ತಿಗೆ ನೋಡಿ ಬಂದಿದ್ದೆ. ಒಬ್ಬನೇ ಮನುಷ್ಯನಿಗೆ ಎರಡು ದೇಶದಲ್ಲಿ ಎರಡು ಕಲ್ಲು, ಎರಡು ಸಾವು. ಒಂದರಲ್ಲಿ ಹೆಂಡತಿಯಿದ್ದಾಳೆ, ಇನ್ನೊಂದರಲ್ಲಿ ಅವಳಿಗೆ ಜಾಗವೇ ಇಲ್ಲ. ಅವಳನ್ನು ಅಳಿಸಿದವಳು ನಾನು, ಅವಳ ಕಡೆಯವಳೇ. ತಾತನಿಗಿಂತ ಹೆಚ್ಚಾಗಿ ಅವಳಿಗೆ ಅನ್ಯಾಯ ಮಾಡಿದೆ ಎಂದು ಅಲ್ಲಿ ನಿಂತಾಗ ಅನ್ನಿಸಿ ಅಳು ಬಂತು.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಆ ಲಂಟಾನ ಮತ್ತೆ ಬೆಳೆದಿರುತ್ತದೆ.

ಮೂರು ವಾರದ ಹಿಂದೆ ತಾತನ ಮಗಳಿಂದ ಮೆಸೇಜ್ ಬಂತು. ಅವಳ ಮಗ ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೊರಟಿದ್ದಾನಂತೆ. ಒಂದು ದಿನ ಬಿಡುವು ಮಾಡಿಕೊಂಡು ಕೋಲಾರಕ್ಕೆ ಹೋಗಿ ಹೂವಿಟ್ಟು ಬರುವ ಆಸೆ. ಅಜ್ಜ ಸಾಯುವವರೆಗೂ ಅದನ್ನೇ ಹೇಳುತ್ತಿದ್ದರಂತೆ. ಸಮಾಧಿ ಎಲ್ಲಿದೆ ಎಂದು ಸರಿಯಾಗಿ ತಿಳಿಸುತ್ತೀರಾ ಎಂದು ಕೇಳಿದ್ದಳು.

ಮೂರು ವಾರ ನಾನು ಉತ್ತರಿಸಲಿಲ್ಲ. ಗೊತ್ತಿಲ್ಲ ಎಂದು ಬರೆದೆ, ಅಳಿಸಿದೆ. ದಾರಿಯಿಲ್ಲ, ಹಾವುಗಳಿವೆ ಎಂದು ಬರೆದೆ, ಅದನ್ನೂ ಅಳಿಸಿದೆ. ಇವತ್ತು ಬೆಳಿಗ್ಗೆ ಕೂತು ಬರೆದೆ. ಪೂರ್ವದ ಗೋಡೆಯ ಕಡೆಯಿಂದ ಮೂರನೇ ಸಾಲು. ಗಿಡ ಕಡಿಸಬೇಕಾಗುತ್ತದೆ, ಸ್ಟೇಷನ್ ಹತ್ತಿರ ಕೇಳಿದರೆ ಯಾರಾದರೂ ಬರುತ್ತಾರೆ. ಕಲ್ಲಿನ ಮೇಲೆ ನೀವು ಕೆತ್ತಿಸಿದ ಇಸವಿ ಇರುವುದಿಲ್ಲ, ಅದಕ್ಕಿಂತ ಮೂವತ್ತೊಂದು ವರ್ಷ ಹೆಚ್ಚಿರುತ್ತದೆ. ಕೆಳಗೆ ಒಬ್ಬ ಹೆಂಗಸಿನ ಹೆಸರಿದೆ, ಅವನ ಹೆಂಡತಿ, ನಮ್ಮೂರಿನವಳು. ಹೂವು ಇಬ್ಬರಿಗೂ ಇಡಲು ಹೇಳಿ. ನಾನು ನಿಮ್ಮ ತಂದೆಗೆ ಸುಳ್ಳು ಹೇಳಿದ್ದೆ.

ಕಳಿಸಿದೆ. ಓದಿದ್ದಾಳೆ ಎಂದು ಫೋನ್ ತೋರಿಸುತ್ತಿದೆ. ಉತ್ತರ ಬಂದಿಲ್ಲ, ಬಂದರೂ ಏನು ಬರುತ್ತದೋ ತಿಳಿಯದು. ಅವಳು ಬೈಯಬಹುದು, ಕ್ಷಮಿಸಲೂಬಹುದು. ನನಗೆ ಬೇಕಾಗಿದ್ದ ಬೈಗುಳ ಅವಳದಲ್ಲ, ತಾತನದು. ಆ ಅಂಗಡಿಯಲ್ಲಿ ಅವರು ನನ್ನ ಕೈ ಬಿಟ್ಟು ಎರಡು ಮಾತು ಬೈದಿದ್ದರೆ ಕೇಳಿಸಿಕೊಂಡು ಬರುತ್ತಿದ್ದೆ. ಅದಕ್ಕೆ ಅವರಿಗೆ ಅವಕಾಶವನ್ನೇ ಕೊಡಲಿಲ್ಲ ನಾನು.